ಗಡ್ಡದ ಕೂಸು

ಈ ಊರಿನಲ್ಲಿ ಎದ್ದು ಓಡಾಡುವವರಲ್ಲಿ ಅರ್ಧ ಜನ ಮೊದಲು ನನ್ನ ಕೈಗೆ ಬಿದ್ದವರೇ. ಸೂಲಗಿತ್ತಿ ಪಾಂಫಿಲೆ ಮುದುಕಿಗೆ ಬಾಯಿ ಜೋರು ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುವ ಗಂಡಸರೂ ಹುಟ್ಟಿದ ದಿನ ನನ್ನ ಕೈಯಲ್ಲಿ ತಲೆಕೆಳಗಾಗಿ ತೂಗಾಡಿದವರು. ಅವರಲ್ಲಿ ಒಬ್ಬ ಮಾತ್ರ ಎರಡು ಸಲ ಹುಟ್ಟಿದ. ಮೊದಲ ಸಲ ಕಾಲು ಮುಂದಾಗಿ ಬಂದು ತಾಯಿಯನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದ. ಎರಡನೆಯ ಸಲ ಬಂದಾಗ ಅವನಿಗೆ ಗಡ್ಡವಿತ್ತು.

ಅವನ ಹೆಸರು ಲಿಕೋನ್. ಊರಿನ ಮೇಲ್ಬದಿಯಲ್ಲಿ ಆಲಿವ್ ತೋಟ ಮಾಡಿಕೊಂಡಿರುವ ತೆಲೆಸೋನನಿಗೆ ಅವನೊಬ್ಬನೇ ಮಗ. ಅಥೆನ್ಸಿನ ಹಡಗುಗಳು ಸಿಸಿಲಿಯ ಯುದ್ಧಕ್ಕೆ ಹೊರಟ ವರ್ಷ ನಮ್ಮೂರಿನ ಹುಡುಗರೂ ಹೊಸ ಗುರಾಣಿ ಹೊತ್ತುಕೊಂಡು ಮದುವೆ ದಿಬ್ಬಣಕ್ಕೆ ಹೋಗುವವರ ಹಾಗೆ ಹೋದರು. ಲಿಕೋನನೂ ಹೋದ. ಅಪ್ಪ ಬೇಡವೆಂದಿದ್ದ. ಆ ದಿನದ ಜಗಳ ಇಡೀ ಬೀದಿಗೆ ಕೇಳಿಸಿತ್ತು. ಹೋದ ಹಡಗುಗಳಲ್ಲಿ ಒಂದೂ ತಿರುಗಿ ಬರಲಿಲ್ಲ. ಬಹಳ ಕಾಲದ ಮೇಲೆ ಪಕ್ಕದ ಊರಿನವನೊಬ್ಬ ಹೇಗೋ ತಪ್ಪಿಸಿಕೊಂಡು ಬಂದವನು, ಲಿಕೋನ್ ಹೊಳೆಯ ದಂಡೆಯಲ್ಲಿ ಈಟಿ ಹಿಡಿದೇ ಬಿದ್ದದ್ದನ್ನು ಕಣ್ಣಾರೆ ಕಂಡೆನೆಂದು ಆಣೆ ಮಾಡಿ ಹೇಳಿದ.

ತೆಲೆಸೋನ್ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹೆಣವಿಲ್ಲದ ಚಟ್ಟದ ಮೇಲೆ ಮಗನ ಅಂಗಿಯನ್ನು ಮಲಗಿಸಿದರು. ನಾವು ಹೆಂಗಸರು ಎದೆ ಬಡಿದುಕೊಂಡು ಅತ್ತೆವು. ತಾಯಿ ಮೆಲಿತ್ತಾ ಕೂದಲು ಕತ್ತರಿಸಿಕೊಂಡಳು. ಒಂಬತ್ತನೆಯ ದಿನದ ಎಡೆಯಾಯಿತು. ದಾರಿಯ ಪಕ್ಕದಲ್ಲಿ ಒಳಗೇನೂ ಇಲ್ಲದ ಗೋರಿ ಎದ್ದಿತು, ಅದರ ಮೇಲೆ ಕಲ್ಲು ನಿಂತಿತು. ಕಲ್ಲಿನಲ್ಲಿ ಈಟಿಗೆ ಒರಗಿ ನಿಂತ ಚೆಂದದ ಯುವಕ. ಮೂಗು ಮಾತ್ರ ಲಿಕೋನನದಲ್ಲ. ಕೆತ್ತಿದವನು ಪಟ್ಟಣದವನು, ಅವನು ಲಿಕೋನನನ್ನು ಎಲ್ಲಿ ನೋಡಿದ್ದ? ತೆಲೆಸೋನ್ ಮಾತ್ರ ಆ ಕಲ್ಲಿಗೆ ಎಣ್ಣೆ ಸವರಿ ಸವರಿ ಅದು ಫಳಫಳ ಹೊಳೆಯುವಂತೆ ಇಟ್ಟುಕೊಂಡಿದ್ದ. ಸಂಜೆ ಹೊತ್ತು ಹೋಗಿ ಅದರ ಮುಂದೆ ಕೂತು ಏನೋ ಗೊಣಗುತ್ತಿದ್ದುದನ್ನು ದಾರಿಹೋಕರೆಲ್ಲ ನೋಡುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಆಮೇಲೆ ಒಂದು ಆಲಿವ್ ಕೊಯ್ಲಿನ ಕಾಲದಲ್ಲಿ, ಊರವರೆಲ್ಲ ಉದ್ದ ಕೋಲು ಹಿಡಿದು ಮರ ಬಡಿಯುತ್ತಿದ್ದಾಗ, ಲಿಕೋನ್ ಬಂದರಿನ ದಾರಿಯಲ್ಲಿ ನಡೆದುಕೊಂಡು ಬಂದ.

ಮೊದಲು ಕಂಡವಳು ತಿಮೋ. ತೆಲೆಸೋನನ ನೆರೆಮನೆಯವಳು. ಅವಳ ಮಗ ಗ್ಲೌಕೋನನೂ ಅದೇ ಹಡಗಿನಲ್ಲಿ ಹೋಗಿ ಅಲ್ಲೇ ಮಣ್ಣಾದವನು. ಚಿಲುಮೆಯ ಹತ್ತಿರ ಅವಳ ಕೈಯಲ್ಲಿದ್ದ ಕೊಡ ಬಿದ್ದು ಚೂರಾಯಿತು. ಅವಳ ಕೂಗಿಗೆ ಮರದ ಮೇಲಿದ್ದವರೂ ಇಳಿದು ಬಂದರು.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ಒಬ್ಬನಿಗಾಗಿ ಅತ್ತು, ಗೋರಿಗೆ ಎಡೆಯಿಟ್ಟು ಆದ ಮೇಲೆ ಅವನು ನೆಲದ ಕೆಳಗಿನವರ ಪಾಲು. ಅಕಸ್ಮಾತ್ ಉಸಿರಾಡುತ್ತ ತಿರುಗಿ ಬಂದರೂ ಅವನು ಸತ್ತವನೇ. ಯಾರ ಹೊಸ್ತಿಲನ್ನೂ ದಾಟುವಂತಿಲ್ಲ. ಯಾರ ಒಲೆಯ ಬೆಂಕಿಯೂ ಅವನಿಗಿಲ್ಲ, ಗುಡಿಯಂತೂ ದೂರದ ಮಾತು. ಮುಟ್ಟಿದವರಿಗೆ ಹೆಣ ಮುಟ್ಟಿದ ಮೈಲಿಗೆ. ಲಿಕೋನ್ ತನ್ನ ಮನೆಯ ಮುಂದೆ ಬಂದು ನಿಂತಾಗ ಮೆಲಿತ್ತಾ ಒಳಗಿನಿಂದ ಓಡಿ ಬಂದಳು. ಇಬ್ಬರು ಗಂಡಸರು ಅವಳನ್ನು ರಟ್ಟೆ ಹಿಡಿದು ನಿಲ್ಲಿಸಿದರು. ತೆಲೆಸೋನ್ ಅಂಗಳದಲ್ಲಿ ಕೋಲು ಹಿಡಿದು ನಿಂತಿದ್ದ. ಅವನ ಕಣ್ಣು ಮಗನ ಮುಖದಲ್ಲಿರಲಿಲ್ಲ, ಹಣೆಯ ಮೇಲಿತ್ತು. ಹಣೆಯ ನಡುವೆ ಒಂದು ಕುದುರೆ. ಸಿಸಿಲಿಯವರು ಸೆರೆಯಾಳುಗಳನ್ನು ಮಾರುವ ಮುಂಚೆ ಕಾಯಿಸಿದ ಕಬ್ಬಿಣದಿಂದ ಒತ್ತುವ ಗುರುತು.

ತೆಲೆಸೋನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸತ್ತವನನ್ನು ಇಡುವುದೆಲ್ಲಿ? ಊರ ಕೆಳಗೆ ಕಡಲ ಕಡೆಗಿರುವ ಹಳೆಯ ಸುಣ್ಣದ ಗೂಡಿನಲ್ಲಿ ಇರು ಎಂದು ದೂರದಿಂದಲೇ ಕೈ ಮಾಡಿ ತೋರಿಸಿದರು. ಊಟ ಕೊಂಡುಹೋಗಲು ಯಾರೂ ಮುಂದೆ ಬರಲಿಲ್ಲ. ನಾನು ಹೋದೆ. ಹೆರಿಗೆ ಮನೆಯಿಂದ ಹೆರಿಗೆ ಮನೆಗೆ ಓಡಾಡುವ ನನ್ನಂಥವಳಿಗೆ ಮೈಲಿಗೆಯೇನು ಹೊಸದೇ? ಊರವರು ವರ್ಷವಿಡೀ ನನ್ನನ್ನು ಅರ್ಧ ಮೈಲಿಗೆಯವಳೆಂದೇ ನೋಡುತ್ತಾರೆ, ಹೊಟ್ಟೆ ನೋವು ಬಂದಾಗ ಮಾತ್ರ ಪೂರ್ತಿ ಮಡಿ.

ಜವೆಗೋಧಿಯ ರೊಟ್ಟಿ, ಒಣಗಿದ ಅಂಜೂರ, ಒಂದಿಷ್ಟು ಮೇಕೆ ಗಿಣ್ಣು ಕಟ್ಟಿಕೊಂಡು ಹೋದೆ. ಗೂಡಿನ ಬಾಯಲ್ಲಿ ಹರಕು ಕಂಬಳಿ ಹೊದ್ದು ಕೂತಿದ್ದ.

"ಹತ್ರ ಬರಬೇಡ ದೊಡ್ಡವ್ವಾ. ನಾನು ಸತ್ತೋನಂತೆ."

"ಸತ್ತೋರಿಗೆ ಇಷ್ಟು ಹಸಿವಾಗಲ್ಲ ಕಣೋ. ನಿಧಾನಕ್ಕೆ ಅಗಿ, ರೊಟ್ಟಿ ಓಡಿಹೋಗಲ್ಲ."

ಅವನು ತಿಂದ. ಪುಡಿಯನ್ನೂ ಬೆರಳಿನಿಂದ ಒತ್ತಿ ಒತ್ತಿ ತಿಂದ. ಆಮೇಲೆ ತಾನಾಗಿಯೇ ಹೇಳಿದ.

"ಅಪ್ಪ ಕಲ್ಲು ನಿಲ್ಲಿಸಿದಾನೆ. ಬರ್ತಾ ದಾರೀಲಿ ನೋಡ್ದೆ. ಚೆನ್ನಾಗಿದೆ."

"ಮೂಗು ನಿಂದಲ್ಲ."

"ಈಟಿನೂ ನಂದಲ್ಲ ದೊಡ್ಡವ್ವಾ. ನೀರಿಲ್ದೆ ಎಷ್ಟು ದೂರ ನಡೆದಿದ್ವೋ. ಹೊಳೆ ಕಂಡಿದ್ದೇ ತಡ, ಈಟಿ ಎಲ್ಲಿ ಬಿತ್ತೋ ಗುರಾಣಿ ಎಲ್ಲಿ ಬಿತ್ತೋ. ದನ ಕುಡಿಯೋ ಹಾಗೆ ಬಾಯಿ ಹಾಕಿ ಕುಡ್ದೆ. ಮೇಲಿಂದ ಬಾಣ ಬಿಡ್ತಿದ್ರು. ನೀರೆಲ್ಲ ಕೆಸರು, ರಕ್ತ. ಆದ್ರೂ ಕುಡ್ದೆ. ಬಿದ್ದಿದ್ದು ಹೌದು, ಕುಡಿಯೋಕೆ ಬಿದ್ದಿದ್ದು."

"ಬಾಯಾರಿದೋನು ಇನ್ನೇನು ಮಾಡ್ತಾನೆ?"

"ಕೆಲವರು ಕುಡೀದೆ ಹೊಡೆದಾಡಿದ್ರು."

ಆಮೇಲಿನದನ್ನು ಅವನು ಚೂರುಚೂರಾಗಿ ಹೇಳಿದ. ಅವರನ್ನು ಒಂದು ಆಳವಾದ ಕಲ್ಲುಗಣಿಗೆ ಇಳಿಸಿದರಂತೆ. ಹಗಲು ಬಿಸಿಲು, ಆಮೇಲೆ ಚಳಿ. ಸತ್ತವರನ್ನು ಹೊರಗೆ ಒಯ್ಯುವವರಿಲ್ಲ. ದಿನಕ್ಕೊಂದು ಲೋಟ ನೀರು, ಬೊಗಸೆಯಷ್ಟು ಕಾಳು. ಬದುಕಿ ಉಳಿದವರ ಹಣೆಗೆ ಕುದುರೆ ಒತ್ತಿ ಮಾರಿದರು. ಇವನನ್ನು ಕೊಂಡವನು ಬೀಸುವ ಕಲ್ಲಿಗೆ ಕಟ್ಟಿದ. ಆ ಯಜಮಾನ ಸತ್ತಾಗ ಅವನ ಹೆಂಡತಿ, ಇವನಿನ್ನು ಕೆಲಸಕ್ಕೆ ಬಾರದವನೆಂದು ಕಂಡು, ಬಿಟ್ಟು ಕಳಿಸಿದಳು. ಇಷ್ಟನ್ನು ಅವನು ನೆಲ ನೋಡುತ್ತ ಹೇಳಿದ. ಕಾಲು ಮುಂದಾಗಿ ಬಂದ ಆ ಕೂಸನ್ನು ತಿರುಗಿಸಿ ಉಳಿಸಲು ನಾನೆಷ್ಟು ಒದ್ದಾಡಿದ್ದೆ ಎಂಬುದೇ ನೆನಪಿಗೆ ಬರುತ್ತಿತ್ತು.

"ಅವ್ವ ಹೇಗಿದಾಳೆ?" ಎಂದು ಕೇಳಿದ.

"ನಿನ್ನನ್ನ ಕಂಡಾಗಿಂದ ಉಂಡಿಲ್ಲ. ನಿನ್ನ ಕಾಣದೆ ಇದ್ದಾಗ ಉಣ್ತಿದ್ಲು, ನೋಡು ವಿಚಿತ್ರ."

ಊರ ಹಿರಿಯರು ಸುಮ್ಮನಿರಲಿಲ್ಲ. ಹೆರಿಗೆಯ ದೇವಿ ಆರ್ತೆಮಿಸಳ ಗುಡಿಗೆ ಹೋಗಿ ಅಲ್ಲಿಯ ಪೂಜಾರಿಣಿಯನ್ನು ಕೇಳಿಕೊಂಡು ಬಂದರು. ಬಂದವರು ನೇರ ನನ್ನ ಮನೆಗೇ ಬಂದರು. ಊರಿನ ಯಜಮಾನ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ತೆಲೆಸೋನ್ ಅವನ ಹಿಂದೆ ನಿಂತಿದ್ದ.

"ಪಾಂಫಿಲಕ್ಕಾ, ಒಂದು ಹೆರಿಗೆ ಇದೆ."

"ಯಾರದು? ನನಗೆ ತಿಳೀದೆ ಯಾರಿಗೆ ದಿನ ತುಂಬಿದೆ?"

"ಮೆಲಿತ್ತಾಳದು. ಲಿಕೋನನ್ನ ಇನ್ನೊಂದು ಸಲ ಹೆರಬೇಕಂತೆ."

ನಾನು ನಕ್ಕುಬಿಟ್ಟೆ. ಯಜಮಾನ ನಗಲಿಲ್ಲ. ಸತ್ತವನು ಬದುಕಿದವರ ನಡುವೆ ಬರಲು ಇರುವ ದಾರಿ ಒಂದೇ, ಎಲ್ಲರೂ ಬಂದ ದಾರಿ, ಎಂದು ಪೂಜಾರಿಣಿ ಹೇಳಿದ್ದಳಂತೆ. ತಾಯಿಯ ಸೆರಗಿನ ಕೆಳಗಿಂದ ಬರಬೇಕು. ಸೂಲಗಿತ್ತಿ ಸ್ನಾನ ಮಾಡಿಸಬೇಕು, ಬಟ್ಟೆ ಸುತ್ತಬೇಕು, ತಾಯಿ ಎದೆಗೆ ಹಿಡಿಯಬೇಕು. ಐದನೆಯ ದಿನ ಅಪ್ಪ ಎತ್ತಿಕೊಂಡು ಒಲೆಯ ಸುತ್ತ ತಿರುಗಬೇಕು. ಹತ್ತನೆಯ ದಿನ ಹೆಸರಿಡಬೇಕು. ಅಲ್ಲಿಯವರೆಗೆ ಕೂಸು ನಡೆಯುವಂತಿಲ್ಲ, ಮಾತಾಡುವಂತಿಲ್ಲ. ಎಲ್ಲ ಕೂಸುಗಳಿಗೂ ಆಗುವುದೆಲ್ಲ ಇದಕ್ಕೂ ಆಗಬೇಕು, ಒಂದೂ ಬಿಡುವ ಹಾಗಿಲ್ಲ.

"ಎಲ್ಲಾನೂ ಅಂದ್ರೆ ಎಲ್ಲಾನೂ ತಾನೆ?" ಎಂದ ತೆಲೆಸೋನ್. ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ಕೂಸನ್ನ ಎತ್ಕೊಳ್ಳೋದು ಬಿಡೋದು ಅಪ್ಪನ ಇಷ್ಟ. ಅದೂ ಸೇರಿ ತಾನೆ?"

ಯಜಮಾನ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಆ ಮಾತು ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ಅದೂ ಸೇರಿ," ಎಂದ ಯಜಮಾನ, ಬೇರೆ ದಾರಿಯಿಲ್ಲದೆ.

ಅಪ್ಪ ಎತ್ತಿಕೊಳ್ಳದ ಕೂಸು ಎಲ್ಲಿಗೆ ಹೋಗುತ್ತದೆ ಎಂಬುದು ಸೂಲಗಿತ್ತಿಗೆ ಗೊತ್ತಿರುತ್ತದೆ. ಮಡಕೆಯಲ್ಲಿಟ್ಟು ಗುಡ್ಡದ ಮೇಲೆ ಬಿಟ್ಟು ಬರುತ್ತಾರೆ. ಲಿಕೋನನಿಗೆ ಆಗುವ ಮಡಕೆ ಯಾರ ಮನೆಯಲ್ಲೂ ಇಲ್ಲ, ಆದರೆ ಗುಡ್ಡ ಇತ್ತು. ಊರಾಚೆ ಅಟ್ಟಿದರೆ ಈ ಸೀಮೆಯಲ್ಲಿ ಅವನಿಗೆ ಬೆಂಕಿ ನೀರು ಕೊಡುವವರಿಲ್ಲ. ಹಣೆಯ ಮೇಲೆ ಕುದುರೆ ಬೇರೆ ಇದೆ. ಯಾರಾದರೂ ಹಿಡಿದು, ಓಡಿಬಂದ ಆಳು ಎಂದು ಮತ್ತೆ ಮಾರುತ್ತಾರೆ, ಇಲ್ಲವೆ ಅವನು ಚಳಿಗಾಲದ ಮೊದಲ ಮಳೆಗೇ ಸಾಯುತ್ತಾನೆ. ತೆಲೆಸೋನನಿಗೂ ಇದೆಲ್ಲ ಗೊತ್ತಿತ್ತು.

ಅವನ ಎಣ್ಣೆ ಗಾಣದ ಮನೆಗೆ ಹೋದೆ. ಒಬ್ಬನೇ ಕೂತು ಹಿಂಡಿ ಬುಟ್ಟಿಗಳನ್ನು ಕೆದಕುತ್ತಿದ್ದ. ಏಣಿಯಿಂದ ಬಿದ್ದಾಗಿನಿಂದ ಅವನ ಸೊಂಟ ಹೋಗಿದೆ. ಎದ್ದು ನಿಲ್ಲಲು ಗೋಡೆ ಬೇಕು.

"ಬಯ್ಯೋಕೆ ಬಂದಿದ್ರೆ ಬೈದು ಹೋಗಕ್ಕಾ," ಎಂದ.

"ಬಯ್ಯೋಕೇ ಬಂದಿದ್ದು. ಏನಯ್ಯ ನಿನ್ನ ಮನಸ್ಸು, ಕಲ್ಲಾ?"

"ನನ್ನ ಮಗ ಹೊಳೆ ಹತ್ರ ಸತ್ತ. ಊರೆಲ್ಲ ಅತ್ತಿದೆ."

"ಊರು ಅತ್ತಿದ್ದು ಒಂದು ಅಂಗಿಗೆ."

ಅವನು ಮತ್ತೆ ಬುಟ್ಟಿಗೆ ಕೈ ಹಾಕಿದ. ನಾನು ಹೋಗಲಿಲ್ಲ. ಗಾಣದ ಕಲ್ಲಿನ ಮೇಲೆ ಕೂತೆ. ಅವನಿಗೆ ಮಾತಾಡದೆ ವಿಧಿಯಿಲ್ಲವೆಂದು ಅರ್ಥವಾಗಲಿ ಎಂದೇ ಕೂತೆ.

"ಅವನು ಇದ್ದಾಗ ನನ್ನ ಹತ್ರ ಮಾತೇ ಆಡ್ತಿರ್ಲಿಲ್ಲ. ಮಾತಾಡಿದ್ರೆ ಜಗಳ. ಹೋದ ದಿನಾನೂ ಜಗಳ ಆಡ್ಕೊಂಡೇ ಹೋದ. ಸತ್ತ ಮೇಲೆ ಪರವಾಗಿಲ್ಲ, ನಾನು ಹೇಳಿದ್ದೆಲ್ಲ ಕೇಳ್ತಾನೆ. ಯಾವ ಮರ ಎಷ್ಟು ಕಾಯಿ ಬಿಡ್ತು, ಯಾವ ಮೇಕೆ ಈಯ್ತು, ಎಲ್ಲ ಹೇಳ್ತೀನಿ. ಒಂದು ಥರಾ ಸಮಾಧಾನ ಆಗಿತ್ತಕ್ಕಾ. ಈಗ ಇವನು ಯಾರೋ ಬಂದು ನಿಂತಿದಾನೆ, ಹಣೆ ಮೇಲೆ ಯಾರದೋ ಹಟ್ಟಿ ಗುರುತು ಹಾಕ್ಕೊಂಡು."

"ಹಾಕ್ಕೊಂಡಿಲ್ಲ. ಹಾಕಿದಾರೆ."

"ಊರಿನ ಮಕ್ಕಳೆಲ್ಲ ಅಲ್ಲೇ ಉಳಿದ್ರು. ಇವನು ಒಬ್ಬನೇ ಬಂದ. ಹೇಗೆ ಬಂದೆ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ? ಪಕ್ಕದ ಮನೇಲಿ ತಿಮೋ ಇದಾಳೆ. ದಿನಾ ಬೆಳಗ್ಗೆ ಅವಳ ಮುಖ ನಾನು ಹೇಗೆ ನೋಡ್ಲಿ?"

ಬಯ್ಯಲು ಹೋದವಳಿಗೆ ಬಯ್ಯಲಾಗಲಿಲ್ಲ. ಅವನದೂ ಸುಳ್ಳು ನೋವಲ್ಲ. ಮಗನಿಗಾಗಿ ಒಮ್ಮೆ ಪೂರ್ತಿ ಅತ್ತು ಮುಗಿಸಿದವನಿಗೆ ಮತ್ತೆ ಮೊದಲಿನಿಂದ ಅಪ್ಪನಾಗು ಎಂದರೆ ಆ ಶಕ್ತಿಯನ್ನು ಅವನಾದರೂ ಎಲ್ಲಿಂದ ತರಬೇಕು? ಎದ್ದು ಬಂದೆ.

ಹೆರಿಗೆಯ ದಿನ ತೆಲೆಸೋನನ ಮನೆ ಮುಂದೆ ಊರು ನೆರೆದಿತ್ತು. ಕೂಸು ತನ್ನ ಕಾಲಿನಿಂದ ಹೊಸ್ತಿಲು ದಾಟುವಂತಿಲ್ಲವಲ್ಲ, ಅದಕ್ಕೆ ನಾನೇ ಉಪಾಯ ಮಾಡಿದೆ. ಕೆಳಗೆ ಮನುಷ್ಯ ನುಸುಳುವಷ್ಟು ಎತ್ತರದ ನನ್ನ ಹೆರಿಗೆ ಮಣೆಯನ್ನು ಹೊಸ್ತಿಲಿಗೇ ಅಡ್ಡಲಾಗಿ ಇಟ್ಟೆ. ಮೆಲಿತ್ತಾಳಿಗೆ ಊರಿನಲ್ಲೇ ಅಗಲವಾದ ನಿಲುವಂಗಿ ತೊಡಿಸಿ, ಮುಖ ಮನೆಯೊಳಗೆ, ಬೆನ್ನು ಬೀದಿಗೆ ಮಾಡಿ ಕೂರಿಸಿದೆ. ಲಿಕೋನ್ ಬೀದಿಯಿಂದ ಅಂಬೆಗಾಲಿಟ್ಟು ಹಿಂದಿನಿಂದ ಅಂಗಿಯೊಳಗೆ ನುಗ್ಗಬೇಕು, ಮುಂದಿನಿಂದ ಮನೆಯೊಳಗೆ ಬರಬೇಕು. ಒಳಗೆ ಹೆಂಗಸರು ಬಿಸಿನೀರು ಇಟ್ಟುಕೊಂಡು ನಿಂತಿದ್ದರು. ತೆಲೆಸೋನ್ ಆ ಮನೆಯಲ್ಲೇ ಇರಲಿಲ್ಲ.

ಮೊದಲು ನಗು. ನಗದೆ ಇರಲು ಯಾರಿಂದ ಸಾಧ್ಯ?

"ಗಡ್ಡ ಚುಚ್ಚುತ್ತೆ ಕಣಕ್ಕಾ," ಎಂದಳು ಮೆಲಿತ್ತಾ ನಾಚಿಕೆಯಿಂದ.

"ನಮ್ಮ ಮನೆಯೋರದೂ ಚುಚ್ಚುತ್ತೆ, ನಾನು ಊರಿಗೆಲ್ಲ ಹೇಳ್ತೀನಾ?" ಎಂದಳು ಒಬ್ಬಳು ಹಿಂದಿನಿಂದ.

"ತಲೆ ಮೊದಲು ಬರ್ತಾ ಇದೆಯಾ ನೋಡೆ. ಹೋದ ಸಲದ ಹಾಗೆ ಕಾಲು ಹಾಕಿದ್ರೆ ನಾನು ಕೆಲಸ ಬಿಟ್ಟು ಹೋಗ್ತೀನಿ," ಎಂದೆ ನಾನು.

ಲಿಕೋನ್ ಅಂಗಿಯೊಳಗೆ ಬಂದು ಅಲ್ಲೇ ನಿಂತುಬಿಟ್ಟ. ಬಟ್ಟೆಯ ಕೆಳಗೆ ಅವನ ಬೆನ್ನು ಏರುತ್ತ ಇಳಿಯುತ್ತ ಇತ್ತು. ಮುಂದೆ ಬರಲೊಲ್ಲ. ಕತ್ತಲೆಯಲ್ಲಿ, ತಾಯಿಯ ಮೈ ವಾಸನೆಯಲ್ಲಿ, ಅವನಿಗೆ ಏನಾಯಿತೋ ನನಗೆ ತಿಳಿಯದು. ಮೆಲಿತ್ತಾ ಅವನ ತಲೆಯನ್ನು ಬಟ್ಟೆಯ ಮೇಲಿನಿಂದ ಹಿಡಿದುಕೊಂಡಳು. ಆಮೇಲೆ ಅವಳ ಬಾಯಿಂದ ಒಂದು ಕೂಗು ಬಂತು. ಅದು ಆಟದ ಕೂಗಲ್ಲ. ನಾನು ಎಷ್ಟೋ ಹೆರಿಗೆ ಕಂಡವಳು, ಆ ಕೂಗಿನ ಗುರುತು ನನಗೆ ತಪ್ಪುವುದಿಲ್ಲ. ಅವನು ಸತ್ತನೆಂದು ಕೂದಲು ಕತ್ತರಿಸಿಕೊಂಡ ದಿನ ಅವಳು ಹಾಗೆ ಕೂಗಿರಲಿಲ್ಲ. ಹೆಂಗಸರ ನಗು ನಿಂತಿತು.

"ತಳ್ಳು ಮಗಳೇ," ಎಂದೆ. "ಇನ್ನೊಂದು ಸಲ. ಬಂತು, ಬಂತು."

ಅವನು ಬಂದ. ತಲೆ ಮೊದಲು. ಬೆನ್ನಿಗೆ ಒಂದು ಪೆಟ್ಟು ಕೊಟ್ಟೆ, ಕೂಸು ಅಳಬೇಕಲ್ಲ. ಅವನು ಅಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

ಹುಟ್ಟಿದ ಕೂಸನ್ನು ನೆಲದ ಮೇಲಿಟ್ಟು ನೋಡಿ, ಇದು ಸಾಕಲು ತಕ್ಕ ಕೂಸೇ ಎಂದು ಹೇಳುವುದು ಸೂಲಗಿತ್ತಿಯ ಹಕ್ಕು. ಬೀದಿಗೆ ಕೇಳುವಂತೆ ಹೇಳಿದೆ.

"ಗಂಡು. ಕೈ ಕಾಲು ನೆಟ್ಟಗಿವೆ. ಕಣ್ಣು, ಕಿವಿ ಸರಿಯಾಗಿವೆ. ಊನ ಏನೂ ಇಲ್ಲ."

"ಹಣೆ ಮೇಲಿರೋದು?" ಎಂದು ಹೊರಗಿನಿಂದ ಒಬ್ಬ ಕೇಳಿದ.

"ಹುಟ್ಟುಮಚ್ಚೆ. ಈಗ ತಾನೆ ನನ್ನ ಕೈಮೇಲೆ ಹುಟ್ಟಿದ ಕೂಸು, ಹುಟ್ಟುವಾಗಲೇ ಇತ್ತು. ಬೇಕಾದ್ರೆ ನಿನ್ನ ಮೈಮೇಲೆ ಎಲ್ಲೆಲ್ಲಿ ಏನೇನಿದೆ ಅದನ್ನೂ ಹೇಳ್ಲಾ?"

ಅವನು ಬೇಡವೆಂದ. ನಾನು ಬಾಗಿಲು ಹಾಕಿಸಿ ಕೂಸಿಗೆ ನೀರು ಹಾಕಿದೆ.

ಕಂಬಳಿ ತೆಗೆದಾಗಲೇ ನಾನು ಅವನ ಮೈಯನ್ನು ಸರಿಯಾಗಿ ಕಂಡದ್ದು. ಸ್ನಾನ ಮಾಡಿಸುವಾಗ ನನ್ನ ಬೆರಳು ಪಕ್ಕೆಲುಬಿನ ಸಂದಿಯೊಳಗೆ ಇಳಿಯುತ್ತಿತ್ತು. ತೊಡೆ ನನ್ನ ಮುಂಗೈಯಷ್ಟು. ಬೀಸುವ ಕಲ್ಲಿನ ಹಗ್ಗ ಹೆಗಲ ಮೇಲೆ ಗಾಡಿ ದಾರಿ ಮಾಡಿತ್ತು. ಎಣ್ಣೆ ಸವರುತ್ತ ಮೆಲಿತ್ತಾ ತುಟಿ ಕಚ್ಚಿಕೊಂಡು ಕೂತಿದ್ದಳು. ಆಮೇಲೆ ಬಟ್ಟೆ ಸುತ್ತಿದೆವು. ನನ್ನ ಹತ್ತಿರವಿದ್ದ ಪಟ್ಟಿಗಳು ಅವನ ಒಂದು ಕಾಲಿಗೂ ಸಾಲಲಿಲ್ಲ. ಹೆಂಗಸರು ತಮ್ಮ ತಮ್ಮ ಮನೆಯಿಂದ ಉಣ್ಣೆ ಶಾಲು, ಕಂಬಳಿ, ಹಳೆಯ ಹಾಯಿಬಟ್ಟೆ ತಂದರು. ಎಲ್ಲವನ್ನೂ ಸುತ್ತಿ ಮುಗಿಸಿದಾಗ ಗಡ್ಡದ ಮುಖವೊಂದು ಹೊರಗೆ, ಉಳಿದದ್ದೆಲ್ಲ ಮರದ ದಿಮ್ಮಿಯಷ್ಟು ದಪ್ಪ. ಮೆಲಿತ್ತಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎದೆಗೆ ಹಿಡಿದಳು. ಆಗ ಯಾರೂ ತಮಾಷೆ ಮಾಡಲಿಲ್ಲ. ಎಲ್ಲರೂ ಬೇರೆ ಕಡೆ ನೋಡಿದೆವು.

ಗಂಡು ಹುಟ್ಟಿದ ಮನೆಯ ಬಾಗಿಲಿಗೆ ಅಪ್ಪ ಆಲಿವ್ ಕೊಂಬೆ ಕಟ್ಟುವುದು ನಮ್ಮ ಪದ್ಧತಿ. ಅಪ್ಪ ಮನೆಗೇ ಬರದ್ದರಿಂದ ನಾನೇ ಕೊಂಬೆ ತಂದು ಕಟ್ಟಲು ಹೋದೆ. ತೆಲೆಸೋನ್ ಬೀದಿಯಲ್ಲಿ ನಿಂತಿದ್ದ.

"ಅದನ್ನ ಕಟ್ಟಬೇಡಕ್ಕಾ. ಇನ್ನೂ ಯಾರ ಕೂಸು ಅಂತ ತೀರ್ಮಾನ ಆಗಿಲ್ಲ."

ಕೊಂಬೆಯನ್ನು ಬಾಗಿಲ ಮೂಲೆಯಲ್ಲಿ ನೀರಿನ ಹೂಜಿಗೆ ಹಾಕಿ ಇಟ್ಟೆ. ಅದು ಬಾಡದಿರಲೆಂದು ದಿನಾ ನೀರು ಬದಲಿಸಿದೆ.

ಆ ದಿನಗಳಲ್ಲಿ ತೆಲೆಸೋನ್ ಗಾಣದ ಮನೆಯಲ್ಲೇ ಮಲಗಿದ. ಮೆಲಿತ್ತಾ ಮಗನಿಗೆ ಹಾಲಿನಲ್ಲಿ ಬೇಯಿಸಿದ ಗಂಜಿಯನ್ನು ಬೆರಳಿನಿಂದ ತಿನ್ನಿಸಿದಳು. ಅವನು ಒಂದು ಮಾತೂ ಆಡದೆ ಮಾಡಿನ ತೊಲೆಗಳನ್ನು ನೋಡುತ್ತ ಮಲಗಿರುತ್ತಿದ್ದ. ಮಾತಾಡಬಾರದೆಂಬ ಕಟ್ಟಳೆ ಅವನಿಗೆ ಭಾರವಾದಂತೆ ಕಾಣಲಿಲ್ಲ.

ಐದನೆಯ ದಿನ ಒಲೆಗೆ ಹೊಸ ಬೆಂಕಿ ಹಾಕಿದೆವು. ನಮ್ಮ ಮನೆಗಳಲ್ಲಿ ಒಲೆ ನಡುಮನೆಯ ನಡುವೆಯೇ ಇರುತ್ತದೆ, ಸುತ್ತಲೂ ತಿರುಗಲು ಜಾಗವಿರುತ್ತದೆ. ಕೂಸನ್ನು ಅದರ ಪಕ್ಕ ನೆಲದ ಮೇಲೆ ಮಲಗಿಸಿದೆ. ಬಾಗಿಲು ತೆರೆದಿತ್ತು. ಊರವರು ಬೀದಿಯಲ್ಲಿ ನಿಂತಿದ್ದರು. ಈ ದಿನಕ್ಕೆಂದು ನೆಂಟರಿಷ್ಟರು ಎಂಟು ಕಾಲಿನ ಮೀನು ತರುವುದು ವಾಡಿಕೆ. ಆದರೆ ಇನ್ನೂ ತೀರ್ಮಾನವಾಗದ ಕೂಸಿಗೆ ಯಾರು ತರುತ್ತಾರೆ? ಎಲ್ಲರ ಕೈ ಬರಿದಾಗಿತ್ತು. ತಿಮೋ ಕಾಣಿಸಲೇ ಇಲ್ಲ.

ತೆಲೆಸೋನ್ ಬಂದ. ಗೋಡೆ ಹಿಡಿದುಕೊಂಡು ಬಂದು ದಿಮ್ಮಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಇಡೀ ಊರಿನ ಕಣ್ಣು ಅವನ ಮೇಲಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಲು ಅವನಿಗೂ ನಾಲಿಗೆ ಏಳಲಿಲ್ಲವೆಂದು ಕಾಣುತ್ತದೆ.

"ಎಲ್ಲರೂ ಕೇಳಿ," ಎಂದ. "ಇವ್ನನ್ನ ಎತ್ಕೊಂಡು ಒಲೆ ಸುತ್ತ ಮೂರು ಸುತ್ತು ಬರೋಕೆ ನನ್ನಿಂದ ಆದ್ರೆ ಇವನು ನನ್ನ ಮಗ. ಆಗ್ಲಿಲ್ಲ ಅಂದ್ರೆ ದೇವರಿಗೇ ಇಷ್ಟ ಇಲ್ಲ ಅಂತ. ಆಮೇಲೆ ನನ್ನನ್ನ ಯಾರೂ ಏನೂ ಅನ್ನಬಾರ್ದು."

ಬೀದಿಯಲ್ಲಿ ಗುಸುಗುಸು ಎದ್ದಿತು. ಅವನ ಸೊಂಟದ ಗತಿ ಎಲ್ಲರಿಗೂ ಗೊತ್ತು. ಅರ್ಧ ತುಂಬಿದ ಎಣ್ಣೆ ಜಾಡಿ ಎತ್ತಲೂ ಆಳು ಕರೆಯುವವನು ಬೆಳೆದ ಗಂಡಸನ್ನು ಎತ್ತುವುದುಂಟೇ? ಬೇಡ ಎನ್ನುವ ಕೆಲಸವನ್ನು ಅವನು ಸೊಂಟಕ್ಕೆ ಒಪ್ಪಿಸಿದ್ದ. ಮೆಲಿತ್ತಾ ನನ್ನ ಕೈ ಹಿಡಿದುಕೊಂಡಳು, ಏನಾದರೂ ಹೇಳು ಎಂಬಂತೆ.

"ನ್ಯಾಯವಾದ ಮಾತು," ಎಂದೆ ನಾನು ಜೋರಾಗಿ. "ಊರೆಲ್ಲ ಕೇಳಿಸ್ಕೊಂಡಿದೆ ತೆಲೆಸೋನ. ಆಮೇಲೆ ಮಾತು ತಿರುಗಿಸೋ ಹಾಗಿಲ್ಲ."

ಮೆಲಿತ್ತಾ ಬೆಚ್ಚಿ ನನ್ನನ್ನು ನೋಡಿದಳು. ನಾನು ಅವಳ ಕೈ ಬಿಡಲಿಲ್ಲ.

ತೆಲೆಸೋನ್ ಒಲೆಗೆ ಕೈಮುಗಿದ. ಮೊಣಕಾಲೂರಿ, ಒಂದು ಕೈಯನ್ನು ಮಗನ ಬೆನ್ನ ಕೆಳಗೆ, ಒಂದನ್ನು ಮೊಣಕಾಲ ಕೆಳಗೆ ತೂರಿಸಿದ. ಎಣ್ಣೆ ಜಾಡಿ ಎತ್ತುತ್ತಿದ್ದ ಕಾಲದ ಹಾಗೆ ಉಸಿರು ಕಟ್ಟಿ, ಹಲ್ಲು ಕಚ್ಚಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಮೇಲಕ್ಕೆತ್ತಿದ.

ದಿಮ್ಮಿ ಸುಮ್ಮನೆ ಮೇಲೆ ಬಂದುಬಿಟ್ಟಿತು. ಹಾಕಿದ ಬಲಕ್ಕೆ ಎದುರು ಭಾರವೇ ಇಲ್ಲದೆ ತೆಲೆಸೋನ್ ಹಿಂದಕ್ಕೆ ಮುಗ್ಗರಿಸಿದ. ಗೋಡೆಗೆ ತಾಗಿ ನಿಂತ. ಕೈಯಲ್ಲಿದ್ದುದನ್ನು ನೋಡಿದ. ಒಂದು ಸಲ ಮೇಲೆ ಕೆಳಗೆ ಆಡಿಸಿ ತೂಕ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ, ನಾನೇನೋ ಮೋಸ ಮಾಡಿದ್ದೇನೆ ಎಂಬಂತೆ.

"ಏನು ಸುತ್ತಿದೀಯಕ್ಕಾ ಇದ್ರೊಳಗೆ?"

"ನಿನ್ನ ಮಗನ್ನ."

"ಎಲ್ಲಿ?" ಎಂದ. "ಇದ್ರಲ್ಲಿ ಏನೂ ಇಲ್ವಲ್ಲಕ್ಕಾ."

ಅವನ ಬೆರಳುಗಳು ಕಂಬಳಿಯ ಮೇಲಿನಿಂದ ಮಗನ ಬೆನ್ನು ಹುಡುಕುತ್ತಿದ್ದವು. ಎಲುಬು ಸಿಕ್ಕಿತು. ಒಂದೊಂದನ್ನೇ ಮುಟ್ಟುತ್ತ ಹೋದ.

"ನಾನು ಅಲ್ಲಿ ಕಲ್ಲಿಗೆ ಎಡೆ ಇಡ್ತಿದ್ದೆ," ಎಂದ. "ಜೇನು ಹಾಕಿ ಇಡ್ತಿದ್ದೆ."

ಅವನು ಒಲೆಯ ಸುತ್ತ ನಡೆಯತೊಡಗಿದ. ಮೊದಲ ಸುತ್ತು ಬಂದ, ಎರಡನೆಯದು ಬಂದ. ಸೊಂಟ ಹಿಡಿಯಲಿಲ್ಲ, ಗೋಡೆ ಬೇಕಾಗಲಿಲ್ಲ. ಮೂರು ಮುಗಿಯಿತು, ಅವನು ನಿಲ್ಲಲಿಲ್ಲ. ಯಜಮಾನ ಏನೋ ಹೇಳಲು ಬಾಯಿ ತೆರೆದಾಗ ನಾನು ಕಣ್ಣಿನಲ್ಲೇ ಮುಚ್ಚಿಸಿದೆ. ತೆಲೆಸೋನ್ ಸುತ್ತುತ್ತಲೇ ಮಗನ ಕಿವಿಗೆ ಏನೋ ಗೊಣಗುತ್ತಿದ್ದ. ಹತ್ತಿರ ಬಂದಾಗ ನನಗೂ ಕೇಳಿಸಿತು.

"ಬಾವಿ ಪಕ್ಕದ ಮರ ಈ ಸಲ ಚೆನ್ನಾಗಿ ಬಿಟ್ಟಿದೆ. ಕೆಳಗಿನ ಸಾಲು ಪರವಾಗಿಲ್ಲ. ಕರಿ ಮೇಕೆ ಎರಡು ಮರಿ ಹಾಕಿದೆ, ಒಂದು ಕುಂಟು. ನೀನು ಏಣಿ ಇಟ್ಟಿದ್ದ ಜಾಗದಲ್ಲೇ ಇಟ್ಟಿದೀನಿ..."

ಅದೇ ಮಾತುಗಳು. ಸಂಜೆ ಹೊತ್ತು ಕಲ್ಲಿನ ಮುಂದೆ ಕೂತು ಹೇಳುತ್ತಿದ್ದ ಮಾತುಗಳು. ಲಿಕೋನ್ ಕೂಸಾದ್ದರಿಂದ ಉತ್ತರ ಕೊಡುವಂತಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ತಲೆಯನ್ನು ಅಪ್ಪನ ಕೊರಳಿಗೆ ಒತ್ತಿಕೊಂಡಿದ್ದ. ಗಡ್ಡವೆಲ್ಲ ಒದ್ದೆಯಾಗಿತ್ತು. ನಾನೂ ಅತ್ತೆ. ಹೊಗೆಯೆಂದು ಯಾರಿಗೋ ಹೇಳಿದೆ, ಒಲೆಯಲ್ಲಿ ಹೊಗೆಯೇ ಇರಲಿಲ್ಲ.

ಕೊನೆಗೆ ತೆಲೆಸೋನ್ ಸುತ್ತುವುದನ್ನು ಬಿಟ್ಟು ನೇರ ಬಾಗಿಲಿಗೆ ಬಂದ. ಊರಿಗೆ ತೋರಿಸಬೇಕೆನಿಸಿತೇನೋ. ಬಾಗಿಲಿಗೆ ಬಂದವನು ಥಟ್ಟನೆ ನಿಂತ. ಎದುರಿಗೆ ತಿಮೋ ನಿಂತಿದ್ದಳು, ತಲೆಯ ಮೇಲೆ ಬುಟ್ಟಿ. ಬುಟ್ಟಿಯ ಅಂಚಿನಿಂದ ಆ ಎಂಟು ಕಾಲಿನ ಮೀನಿನ ಒಂದು ಕಾಲು ಇಳಿಬಿದ್ದಿತ್ತು. ಬೆಳಗಿನಿಂದ ಕಡಲ ದಂಡೆಯಲ್ಲಿ ದೋಣಿಗಾಗಿ ಕಾದಿದ್ದಳಂತೆ.

ತೆಲೆಸೋನ್ ತಲೆ ತಗ್ಗಿಸಿದ. ಮಗನ ಹಣೆಯನ್ನು ಮುಚ್ಚುವಂತೆ ಗಲ್ಲವನ್ನು ಅದರ ಮೇಲೆ ತಂದ. ತಿಮೋ ಬುಟ್ಟಿ ಇಳಿಸಿ, ಅವನ ಗಲ್ಲವನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಕುದುರೆಯನ್ನು ಚೆನ್ನಾಗಿ ನೋಡಿದಳು.

"ಇದನ್ನ ಮುಚ್ತೀಯಾ ನೀನು?" ಎಂದಳು. "ನನ್ನ ಗ್ಲೌಕೋನ್ ಬಂದಿದ್ರೆ ಅವನ ಮುಖದ ಮೇಲೆ ಕುದುರೆ ಲಾಯನೇ ಇದ್ರೂ ನಾನು ಎತ್ಕೊಂಡು ಊರೆಲ್ಲ ತಿರುಗ್ತಿದ್ದೆ ಕಣಣ್ಣಾ."

ಅವಳು ಬುಟ್ಟಿಯನ್ನು ಹೊಸ್ತಿಲೊಳಗೆ ತಳ್ಳಿದಳು. ಬೀದಿಯಲ್ಲಿದ್ದ ಹೆಂಗಸರಲ್ಲಿ ಒಬ್ಬೊಬ್ಬರೇ ಮನೆಯ ಕಡೆ ಓಡಿದರು, ಏನಾದರೂ ತರಲು.

"ಇನ್ನು ಇಳಿಸಯ್ಯಾ," ಎಂದೆ ನಾನು. "ನಾಳೆ ಸೊಂಟ ಹಿಡ್ಕೊಂಡ್ರೆ ಮತ್ತೆ ನನ್ನನ್ನೇ ಕರೀತೀಯ."

ತೆಲೆಸೋನ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ಬಾಗಿಲ ಮೂಲೆಯ ಹೂಜಿಯನ್ನು ನೋಡುತ್ತಿದ್ದ. ಅದರಲ್ಲಿ ಆಲಿವ್ ಕೊಂಬೆ ಇನ್ನೂ ಹಸಿರಾಗಿತ್ತು. ಅದನ್ನು ಕಟ್ಟಬೇಕಾದವನು ಅಪ್ಪ. ಅವನು ಒಂದು ಕೈ ಬಿಡಿಸಿಕೊಳ್ಳಲು ನೋಡಿದ, ಆಮೇಲೆ ಮನಸ್ಸು ಬದಲಿಸಿ ಮತ್ತೆ ಬಿಗಿಯಾಗಿ ಹಿಡಿದುಕೊಂಡ.

"ಆ ಕೊಂಬೆ ನೀನೇ ಕಟ್ಟಕ್ಕಾ," ಎಂದ. "ನನ್ನ ಕೈ ಖಾಲಿ ಇಲ್ಲ."